ಸುಧಾ ಮನೆಯ ಬೆಚ್ಚನೆ ನೆಲ

ಫ್ರೆಂಡ್ಸ್, ಇವತ್ತು ಬೆಳಿಗ್ಗೆ ಪಕ್ಕದೂರು ಸೀಡರ್ ಪಾರ್ಕ್‌ನಿಂದ ಗೆಳತಿ ಸುಧಾ ಫೋನ್ ಮಾಡಿದಳು. "ಹೊಸ ಮನೆ ನೆಲ ಕಾದ ಹೆಂಚಾಗಿದೆ ಕಣೇ, ಕಾಲಿಡೋಕಾಗ್ತಿಲ್ಲ. ನೀನು ಎಂಜಿನಿಯರ್ ಅಲ್ವಾ, ಬಂದು ನೋಡೇ!"

ನೆಲದಡಿ ಬಿಸಿನೀರಿನ ಪೈಪು ಹಾಯಿಸಿ ಹೀಟಿಂಗ್, ಆ ನೀರು ಕಾಯಿಸೋಕೊಂದು ಹೀಟ್ ಪಂಪ್! ನಾನಿಲ್ಲಿ ಚಳಿಗೆ ಎರಡೆರಡು ಸಾಕ್ಸ್ ಹಾಕ್ಕೊಂಡು ದೋಸೆ ಹುಯ್ಯೋಳು. ಹೊಟ್ಟೆ ಉರ್ಕೊಂಡೇ ಹೋದೆ.

ಅವಳ ಗಂಡ ನೀರಿನ ಬಿಸಿಯನ್ನು ಪೂರ್ತಿ ಏರಿಸಿ ಇಟ್ಟಿದ್ದರು. ಹಾಗೇ ಬಿಟ್ಟು ಬರೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೂ ಇಳಿಸಿದೆ. ಮಧ್ಯಾಹ್ನದ ಹೊತ್ತಿಗೆ ನೆಲ ಹದವಾಯಿತು.

"ಎಷ್ಟು ಹಿತವಾಗಿದೆ! ನಿಮ್ಮನೇಲೂ ಹಾಕಿಸ್ಕೊಳ್ಳೇ" ಅಂದಳು.

"ಅಯ್ಯೋ, ನಂಗೆ ತಣ್ಣನೆ ನೆಲಾನೇ ಇಷ್ಟಪ್ಪ" ಅಂದೆ.

ಹಾಗಂದಮೇಲೆ ಆ ಬೆಚ್ಚನೆ ನೆಲದಿಂದ ಏಳೋಕೆ ಮಾತ್ರ ಇನ್ನೂ ಎರಡು ಗಂಟೆ ಹಿಡೀತು.