ಅಮ್ಮ ಆರಿಸಿದ ತೋಟಾ

ಮೊನ್ನೆ ಮಗಳ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಬೆರಳಿಗೆ ಅಂಟಿದ ವಾಸನೆ ನನ್ನನ್ನು ಸ್ವೀಡನ್ನಿನ ಸುಂಡ್‌ಬೀಬರ್ಯ್‌ ಊರಿನ ಆ ಮೂರನೆಯ ಮಹಡಿಗೆ ಎತ್ತಿಕೊಂಡು ಹೋಯಿತು. ಒಗ್ಗರಣೆಯ ಇಂಗು, ಹೀಟರಿನ ಮೇಲೆ ಒಣಗುವ ಉಣ್ಣೆಯ ಕಾಲುಚೀಲ, ಅವುಗಳ ನಡುವೆ ತೆಳ್ಳಗೆ ತೇಲುವ ಕೋವಿಯ ಎಣ್ಣೆ. ನಿಮಗೂ ಅಂಥದೊಂದು ವಾಸನೆ ಇದ್ದೀತು, ಈಗ ಇಲ್ಲದ ಮನೆಯದು. ಎರಡು ಸಾವಿರದ ಇಸವಿ ಕಳೆದ ಹೊಸದು. ಅಪ್ಪ ಹತ್ತಿರದ ಕಿಸ್ಟಾದಲ್ಲಿ ಟೆಲಿಕಾಂ ಕನ್ಸಲ್ಟೆಂಟ್. ಚಳಿಗಾಲದಲ್ಲಿ ಬೆಳಕಾಗುವ ಮುಂಚೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು. ನಾನು ಶಾಲೆಗೆ ಹೊರಟ ಮೇಲೆ ಮನೆಯಲ್ಲಿ ಅಮ್ಮ ಒಬ್ಬಳೇ. ಸ್ವೀಡಿಷ್ ಕಲಿತಳು, ಕೆಲಸಕ್ಕೆ ಅರ್ಜಿ ಹಾಕಿದಳು, ಯಾರೂ ಕರೆಯಲಿಲ್ಲ. ಆ ಮನೆಯ ಕಿಟಕಿಗಳು ಒಂದು ಗೇಣಷ್ಟೇ ತೆರೆಯುತ್ತಿದ್ದವು. ಮಧ್ಯಾಹ್ನ ನಾನು ಬರುವಾಗ ಅವಳು ಆ ಸಂದಿಗೆ ಮುಖವೊಡ್ಡಿ ನಿಂತಿರುತ್ತಿದ್ದಳು. ಎಷ್ಟು ಹೊತ್ತಿನಿಂದ ಎಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ.

ಅಮ್ಮ ಕೊಡಗಿನವಳು. ಹೆಣ್ಣುಮಕ್ಕಳೂ ಕೋವಿ ಹಿಡಿಯುವ ಮನೆಯಲ್ಲಿ ಬೆಳೆದು, ಬೆಂಗಳೂರಿನ ಅಪ್ಪನನ್ನು ಮೆಚ್ಚಿ ಮದುವೆಯಾದವಳು. ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ ಮಾತಿನ ನಡುವೆ ಇದು ಕೆಳಮಹಡಿಯ ಮುದುಕ ಗುನ್ನಾರ್‌ಗೆ ಗೊತ್ತಾಯಿತು. ಪ್ರತಿ ಶರತ್ಕಾಲ ಅವನು ಒಂದು ತಂಡದೊಂದಿಗೆ ಉತ್ತರದ ಕಾಡಿಗೆ ಮೂಸ್ ಬೇಟೆಗೆ ಹೋಗುತ್ತಿದ್ದ. ಮೂಸ್ ಎಂದರೆ ಕುದುರೆಗಿಂತ ಎತ್ತರದ, ಜಿಂಕೆ ಜಾತಿಯ ಪ್ರಾಣಿ. "ನೀನೂ ಪರೀಕ್ಷೆ ಬರಿ" ಎಂದ. ಅಮ್ಮ ಬೇಟೆಯ ಪರೀಕ್ಷೆ ಪಾಸಾದಳು, ಲೈಸೆನ್ಸಿಗೆ ಅರ್ಜಿ ಹಾಕಿದಳು. ಅಪ್ಪ ಹೆದರಿದರು. "ಅಲ್ಲ ಕಣೇ, ವರ್ಕ್ ಪರ್ಮಿಟ್ ಮೇಲೆ ಇರೋರು ನಾವು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಅಮ್ಮ ಅನ್ನ ಬಡಿಸುತ್ತಲೇ ಹೇಳಿದಳು, "ಈ ಮನೇಲೇ ಇದ್ರೆ ನಂಗೆ ಹೆಚ್ಚುಕಮ್ಮಿ ಆಗತ್ತೆ."

ಒಂದು ಭಾನುವಾರ ಗುನ್ನಾರ್ ನಮ್ಮ ಊಟದ ಮೇಜಿನ ಮೇಲೆ, ಚಟ್ನಿಪುಡಿ ಡಬ್ಬಿಯ ಪಕ್ಕ, ಮೂರು ತೋಟಾಗಳನ್ನು ನಿಲ್ಲಿಸಿದ. ಸಣಕಲಾದದ್ದು ಆರೂವರೆ ಮಿಲಿಮೀಟರಿನದು, ಅವನ ಅಜ್ಜನ ಕಾಲದಿಂದ ಇದ್ದದ್ದು. ನಡುವಿನದು ತರ್ಟಿ-ಆಟ್-ಸಿಕ್ಸ್. ಮೂರನೆಯದು ಮ್ಯಾಗ್ನಮ್, ನನ್ನ ಅಂಗೈ ತುಂಬುವಂಥದು. ತಂಡದ ಯಜಮಾನ ಅಮ್ಮನಿಗೆ ಮರ ಕಡಿದು ಬಯಲಾದ ಜಾಗದ ಅಂಚನ್ನು ಕಾಯಲು ಕೊಟ್ಟಿದ್ದ, ಹೊಸಬರಿಗೆ ಕೊಡುವ ಜಾಗ. ಅಲ್ಲಿ ಮೂಸ್ ಕಂಡರೆ ಆಚೆ ತುದಿಯಲ್ಲೇ, ಮುನ್ನೂರು ಮೀಟರಿಗೂ ದೂರ. "ಅಷ್ಟು ದೂರ ಹೋಗಿಯೂ ಬಲ ಉಳಿಯುವುದು ಇದರಲ್ಲೇ" ಎಂದು ಗುನ್ನಾರ್ ಮ್ಯಾಗ್ನಮ್ಮನ್ನು ಮುಂದೆ ತಳ್ಳಿದ. ಅಮ್ಮ ಗುಂಡು ಹಾರಿಸುವ ಮೈದಾನದಲ್ಲಿ ಅದನ್ನು ಹಾರಿಸಿ ನೋಡಿದಳು. ಒದೆತಕ್ಕೆ ಭುಜ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ನಡುವಿನದೂ ಅಷ್ಟೇ. "ಕೋವಿ ಕುದುರೆ ಎಳೆಯೋಕ್ ಮುಂಚೆನೇ ಕಣ್ಣು ಮುಚ್ಕೊಳ್ತೀನಿ. ಹಂಗೆ ಹೊಡೆದ್ರೆ ಅದು ಸಾಯಲ್ಲ, ನರಳತ್ತೆ" ಎಂದು ಸಣಕಲು ತೋಟಾವನ್ನೇ ಕೈಗೆತ್ತಿಕೊಂಡಳು. ಇನ್ನೂರು ಮೀಟರ್ ದಾಟಿದರೆ ಮೂಸ್‌ಗೆ ತಾನು ಇದರಲ್ಲಿ ಹೊಡೆಯುವುದಿಲ್ಲವೆಂದ ಗುನ್ನಾರ್. "ನಾನೂ ಹೊಡೆಯಲ್ಲ" ಎಂದಳು. ಆ ಜಾಗಕ್ಕೆ ಆ ತೋಟಾ ಎಂದರೆ ಬರಿಗೈಲಿ ಬರುವುದೇ ಎಂದು ಇಬ್ಬರಿಗೂ ಗೊತ್ತಿತ್ತು.

ಬೇಟೆಗೆ ನನ್ನನ್ನೂ ಕರೆದುಕೊಂಡು ಹೋದಳು. ಮರದ ಅಟ್ಟಣೆ, ಪೆಟ್ಟಿಗೆಯಷ್ಟು ಜಾಗ. ಕೆಮ್ಮುವಂತಿಲ್ಲ, ಕಾಲು ಚಾಚುವಂತಿಲ್ಲ. ನನಗೆ ಅಳು ಒತ್ತಿ ಬಂದಿತ್ತು. "ಅಮ್ಮ, ಮನೆಗೆ ಹೋಗೋಣ" ಎಂದೆ. ಅವಳು ನನ್ನ ಕಿವಿಗೆ ಬಾಯಿಟ್ಟು, "ಸ್ವಲ್ಪ ಹೊತ್ತು ಕಂದ. ಇಲ್ಲಿ ಉಸಿರು ಪೂರ್ತಿ ಒಳಗೆ ಹೋಗ್ತಿದೆ" ಎಂದಳು. ಅಷ್ಟರಲ್ಲಿ ಆಚೆ ಅಂಚಿನ ಬರ್ಚ್ ಮರಗಳಿಂದ ಅದು ಹೊರಬಂತು. ಕಪ್ಪಗೆ, ಯಾರ ಭಯವೂ ಇಲ್ಲದಂತೆ, ಪಕ್ಕೆ ತೋರಿಸಿ ನಿಂತಿತು. ಅಮ್ಮ ಕೋವಿಯ ಮೇಲಿನ ದುರ್ಬೀನಿಗೆ ಕಣ್ಣಿಟ್ಟಳು. ಅವಳ ಉಸಿರು ನಿಂತದ್ದು ನನ್ನ ಮೈಗೆ ತಾಗಿ ತಿಳಿಯಿತು. ಆಮೇಲೆ ಕೋವಿಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿದಳು. ದೂರದಿಂದ ಅದನ್ನು ಕಂಡಿದ್ದ ಯಜಮಾನ ಕೈರೇಡಿಯೋದಲ್ಲಿ ಸಿಡುಕಿದ, ಯಾಕೆ ಹೊಡೆಯಲಿಲ್ಲ? "ದೂರ" ಎಂದಳು, ಸ್ವೀಡಿಷಿನಲ್ಲಿ, ಒಂದೇ ಮಾತು. ಅಷ್ಟು ನೆಮ್ಮದಿಯ ದನಿ ಅವಳದೆಂದು ನನಗೆ ನಂಬಲಾಗಲಿಲ್ಲ.

ಮರುವರ್ಷ ಯಜಮಾನ ಅವಳನ್ನು ಕರೆಯಲಿಲ್ಲ. ಅದರಾಚೆಯ ವಸಂತಕ್ಕೆ ಅಪ್ಪನ ಕಾಂಟ್ರ್ಯಾಕ್ಟ್ ಮುಗಿಯಿತು, ಜೊತೆಗೆ ಪರ್ಮಿಟ್ಟೂ. ಕೋವಿ ಗುನ್ನಾರ್‌ನ ಪಾಲಾಯಿತು. ನಾವು ಬೆಂಗಳೂರಿಗೆ ಬಂದು, ಎದುರಿಗೇ ಮತ್ತೊಂದು ಕಟ್ಟಡವಿದ್ದ ಅಪಾರ್ಟ್‌ಮೆಂಟಿನಲ್ಲಿ ಇಳಿದೆವು.

ಅಲ್ಲಿ ಅಮ್ಮ ಸಂಜೆಗಳಲ್ಲಿ ಬಾಲ್ಕನಿಯ ಗ್ರಿಲ್ಲಿನ ಹಿಂದೆ ಕುರ್ಚಿ ಹಾಕಿಕೊಂಡು, ಕೈ ತೊಡೆಯ ಮೇಲಿಟ್ಟು, ಗಾಳಿ ಬರುವ ಕಡೆಗೆ ಒಂದು ಕೆನ್ನೆ ತಿರುಗಿಸಿ, ಅಟ್ಟಣೆಯಲ್ಲಿ ಕೂತ ಹಾಗೆ ಮಿಸುಕದೆ ಕೂರುತ್ತಿದ್ದಳು. "ಅಷ್ಟೊತ್ತು ಏನ್ ನೋಡ್ತೀಯೇ ಅಲ್ಲಿ?" ಎಂದು ಅಪ್ಪ ಕೇಳಿದರೆ "ಏನಿಲ್ಲ ಬಿಡಿ" ಎನ್ನುತ್ತಿದ್ದಳು. ಕಾಯಿಲೆ ಬಂದ ಮೇಲೂ ಹಾಗೇ ಕೂತಳು. ನಾನು ಅವಳ ಬೆನ್ನ ಹಿಂದೆ ಹೋಗಬೇಕಾದಾಗ ಚಪ್ಪಲಿ ಕಳಚಿ, ಸದ್ದಾಗದಂತೆ ಹೋಗುತ್ತಿದ್ದೆ. ಅವಳ ಕೊನೆಯ ವರ್ಷಗಳಲ್ಲಿ ನನ್ನಿಂದ ಆದದ್ದು ಅಷ್ಟೇ.