ಶಾವಿಗೆಗೆ ಉಪ್ಪು ಉದುರಿಸಿದ ಹನ್ನೊಂದು ದಿನ

ಕಂಪ್ಯೂಟರ್ ಕೆಟ್ಟಿರಲಿಲ್ಲ, ವೈರಸ್ಸೂ ಬಂದಿರಲಿಲ್ಲ. ಮೊಮ್ಮಗಳು ಅಡ್ಡದಾರಿ ಹಿಡಿದಿದ್ದಳು, ನಾನು ತೊಳಿ ಅಂದೆ, ಅವಳು ತೊಳೆದಳು. ಆದದ್ದು ಇಷ್ಟೇ. ಅವಳು ಕಾಲೇಜಿನಲ್ಲಿ ಬೇರೆ ಥರ ಹೇಳಿಕೊಂಡಿದ್ದಾಳಂತೆ, ಅದನ್ನು ನಂಬಬೇಡಿ.

ಮೊಮ್ಮಗಳು ಚಾಮರಾಜನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾಳೆ. ಗುಂಡ್ಲುಪೇಟೆಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವುದು. ಅಲ್ಲಿಗೆ ಪುಣಜನೂರು, ಉಮ್ಮತ್ತೂರು ಕಡೆಯಿಂದ ಬರುವ ಮಕ್ಕಳು ಕನ್ನಡದಲ್ಲೇ ಓದಿ ಬಂದವರು. ಕಂಪ್ಯೂಟರಿಗೆ ಕೆಲಸ ಹೇಳುವುದಕ್ಕೆ ಅಂತ ಒಂದು ಭಾಷೆ ಉಂಟಲ್ಲ, ಅದರ ಕೈಪಿಡಿ ಇರುವುದು ಇಂಗ್ಲಿಷಿನಲ್ಲಿ. ಮಕ್ಕಳು ಅದನ್ನು ತೆರೆದು, ದೇವರ ಪಟ ನೋಡಿದ ಹಾಗೆ ನೋಡಿ, ಮುಚ್ಚುತ್ತಿದ್ದರು. ಆ ಭಾಷೆ ಮಾಡಿದವರು ಕೈಪಿಡಿಯ ಮೂಲ ಫೈಲುಗಳನ್ನು ಪುಕ್ಕಟೆ ಬಿಟ್ಟಿದ್ದಾರೆ. ಯಾರು ಬೇಕಾದರೂ ತಮ್ಮ ಮಾತಿಗೆ ತಂದು ತಾವೇ ಪುಸ್ತಕ ಕಟ್ಟಿಕೊಳ್ಳಬಹುದಂತೆ. ಇವಳು ಅದಕ್ಕೆ ಕೈ ಹಾಕಿದಳು. ಅವಳ ಮೇಲಿನ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ದರು: ಮುಂದಿನ ವಾರ ಕಳೆದು ಬರುವ ಸೋಮವಾರ ಹತ್ತು ಗಂಟೆಯೊಳಗೆ ಕೈಗೆ ಬಂದರೆ ಲ್ಯಾಬಿನ ಎಲ್ಲ ಕಂಪ್ಯೂಟರಿಗೂ ಹಾಕಿಸುತ್ತೇನೆ, ಬರದಿದ್ದರೆ ಈ ವರ್ಷವೂ ಇಂಗ್ಲಿಷೇ.

ನಾನು ಓದಿರುವುದು ನಾಲ್ಕನೇ ಕ್ಲಾಸು. ಅದಕ್ಕೇ ನನ್ನನ್ನು ಹಿಡಿದಳು.

“ನಿಂಗ ಅರ್ಥಾದ್ರ ಎಲ್ರುಗೂ ಅರ್ಥಾಯ್ತದ ಕಣಜ್ಜಿ,” ಅಂದಳು. ಹೊಗಳಿದಳೋ ಬೈದಳೋ ಅಂತ ನಾನು ಕೇಳಲಿಲ್ಲ.

ದಿನಾ ಸಂಜೆ ಅವಳು ಬಂದ ಮೇಲೆ ಪರದೆಯ ಮುಂದೆ ಕೂರುವುದು. ನಾನು ಅಕ್ಷರ ಕೂಡಿಸಿ ಓದುವುದು, ತಿಳಿಯದ ಕಡೆ ನಿಲ್ಲುವುದು. ಮೊದಲನೇ ಪುಟದಲ್ಲೇ ನಿಂತೆ. ‘ಈ ಕಾರ್ಯವು ಮೌಲ್ಯವನ್ನು ಹಿಂದಿರುಗಿಸುತ್ತದೆ’ ಅಂತ ಬರೆದಿದ್ದಳು.

“ಯಾರ್ಗ ಹಿಂದಿರುಗಿಸ್ತು?”

“ಕರ್ದೋರ್ಗ.”

“ಕರ್ದೋರು ಯಾರು?”

“ಅಯ್ಯೋ ಅಜ್ಜಿ, ಕೆಲ್ಸ ಮುಗುದ್ಮೇಲ ಉತ್ರ ತಂದು ಕೈಗ ಕೊಡ್ತದ, ಅಷ್ಟೇಯ.”

“ಮತ್ತ ಅಂಗೇ ಬರಿ. ಬಾಯಲ್ಲಿರದು ಬೆರಳ್ಗ ಬರಕ ಏನ್ ಕಷ್ಟ?”

ಬರೆದಳು. ಆದರೆ ಪರದೆಯ ಮೇಲೆ ಹಳೆಯದೇ ಇತ್ತು. ಕೇಳಿದರೆ, ಬರೆಯುವ ಜಾಗ ಬೇರೆ, ಕಾಣುವ ಜಾಗ ಬೇರೆ ಅಂದಳು. “ಸೋರ್ಸ್ ಫೈಲು ಅಂದ್ರ ಹಿಟ್ಟು. ಒರಳ್ಗಾಕಿ ಒತ್ತುದ್ರ ಬರೋ ಶಾವಿಗೆ ಈ ಪುಟ.” ಅವಳ ಹಳೇ ಕಂಪ್ಯೂಟರ್ ಒಂದು ಸಲ ಒತ್ತುವುದರೊಳಗೆ ನಾನು ಮುದ್ದೆಗೆ ಎಸರಿಟ್ಟು ತಿರುವಿ ಇಳಿಸಬಹುದಿತ್ತು. ಎರಡು ಸಲ ಕಾದೆ. ನನಗೆ ಯಾರ ಮೇಲೂ ಅಂಥ ನಂಬಿಕೆ ಇಲ್ಲ. ದರ್ಜಿಗೆ ರವಿಕೆ ಸಡಿಲಿಸಲು ಕೊಟ್ಟರೂ ಹೊಲಿದು ಮುಗಿಯುವವರೆಗೆ ಅಂಗಡಿ ಬಾಗಿಲು ಬಿಡುವವಳಲ್ಲ.

“ನನ್ ಕಣ್ ಮುಂದ ತಿದ್ದು. ಇಲ್ಲಾಂದ್ರ ನಾ ಎದ್ ಓಯ್ತೀನಿ,” ಅಂದೆ.

ನಾನು ಎದ್ದು ಹೋದರೆ ಅವಳಿಗೆ ಬೇರೆ ದಡ್ಡಿ ಸಿಗುತ್ತಿರಲಿಲ್ಲ. ಒತ್ತಿ ಬಂದಿದ್ದ ಪುಟವನ್ನೇ ತೆರೆದು ಅಲ್ಲೇ ತಿದ್ದಿದಳು. ಕಣ್ಣು ಮಿಟುಕಿಸುವುದರೊಳಗೆ ಬದಲಾಯಿತು. “ಹಿಟ್ಟುಗೂ ಆಮೇಲ ಸೇರುಸ್ಬೇಕು ಕಣಜ್ಜಿ,” ಅಂತ ತಾನೇ ಹೇಳಿಕೊಂಡಳು. ಹನ್ನೊಂದು ದಿನ ಹಾಗೇ ನಡೆಯಿತು. ಆಮೇಲೆ ಅನ್ನುವುದು ಮಾತ್ರ ಬರಲಿಲ್ಲ.

ಶನಿವಾರ ಮಧ್ಯಾಹ್ನ ಎಲ್ಲ ಮುಗಿಯಿತು. ಒಂದೇ ಒಂದು ಕಸ ಉಳಿದಿತ್ತು. ಬೇಡ ಅಂತ ತೆಗೆದಿದ್ದ ಪಾಠವೊಂದರ ಹೆಸರು ಪಟ್ಟಿಯಿಂದ ಹೋಗದೆ ಕೂತಿತ್ತು.

“ಹಳೇದು ಅಂಟ್ಕಂಡದ. ಎಲ್ಲಾ ಗುಡ್ಸಿ ಒಸದಾಗಿ ಕಟ್ಟು ಅಂತ ಒಂದು ಆಜ್ಞೆ ಅದ. ಕೊಟ್ಬುಡ್ನಾ?”

ಹಿಂದಿನ ದಿನದ ಪಾತ್ರೆಗೆ ಹೊಸ ಹಿಟ್ಟು ಬಿಡುವುದು ನಮ್ಮ ಮನೆಯಲ್ಲಿಲ್ಲ. ಇದೇ ವಿಷಯಕ್ಕೆ ನನ್ನ ಸೊಸೆಯ ಹತ್ತಿರ ಒಂದು ವಾರ ಮಾತು ಬಿಟ್ಟಿದ್ದೇನೆ.

“ಇದನ್ನೂ ಕೇಳೀಯಾ ಕಣಮ್ಮಿ? ತೊಳಿ.”

ಒತ್ತಿದಳು. ಚೆನ್ನಾಗಿ ತೊಳೆಯಿತು. ಆಮೇಲೆ ಕಟ್ಟಿತು. ಮೊದಲನೇ ಪುಟ ತೆರೆದಳು. ‘ಈ ಕಾರ್ಯವು ಮೌಲ್ಯವನ್ನು ಹಿಂದಿರುಗಿಸುತ್ತದೆ’ ಅನ್ನುವುದು ಬೀಗರ ಮನೆಯ ದೊಡ್ಡಪ್ಪನ ಹಾಗೆ ಅಲ್ಲೇ ಕೂತಿತ್ತು.

ಮೊಮ್ಮಗಳು ತಲೆ ಮೇಲೆ ಕೈ ಹೊತ್ತಳು. “ತಿದ್ದಿದ್ದೆಲ್ಲಾ ಶಾವಿಗೇಲಿತ್ತು ಅಜ್ಜಿ. ಅದು ಓಯ್ತು. ಹಿಟ್ಟು ಇದ್ದಂಗೇ ಅದ.”

“ಅಂದ್ರ ಹನ್ನೊಂದ್ ದಿನ ಶಾವಿಗೆ ಮೇಲ ಉಪ್ಪು ಉದುರ್ಸ್ಕಂಡು ಕೂತಿದ್ವಾ?”

“ಕಣ್ ಮುಂದ ತಿದ್ದು ಅಂದವಳು ನೀನೇಯ.”

“ತೊಳಿ ಅಂದವಳೂ ನಾನೇಯ. ಮುಂದಕ್ಕೇನು ಯೋಳು.”

ಅವಳು ಅಳತೊಡಗಿದಳು. ಅಳುವವರನ್ನು ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಒಳಗೆ ಹೋಗಿ ಕಾಫಿ ಕಾಯಿಸಿ ತಂದೆ. ಇನ್ನೂ ಅಳುತ್ತಿದ್ದಳು.

“ಆಗ್ಲಿಲ್ಲ ಅಂತ ಮೇಡಂಗ ಯೋಳ್ಬುಡ್ತೀನಿ. ಆ ಮಕ್ಳು ಈ ವರ್ಸವೂ ಬಾಯ್ ಬುಟ್ಕಂಡು ಕೂರ್ಲಿ. ಏನೇನ್ ತಿದ್ದುದ್ವೋ ನಂಗ ಒಂದೂ ಗೆಪ್ತಿಲ್ಲ.”

“ನಿಂಗ ಗೆಪ್ತಿ ಇರ್ಬೇಕಿಲ್ಲ. ಆವತ್ತು ನಂಗ ತಿಳೀದೇ ಇದ್ದದ್ದು ಇವತ್ತೂ ತಿಳಿಯಾಕಿಲ್ಲ. ಅಲ್ಲಲ್ಲೇ ನಿಲ್ತೀನಿ. ಮೂಗು ಒರ್ಸ್ಕ, ತಗಿ.”

ಅದು ನಿಜವೇ ಆಯಿತು. ಹನ್ನೊಂದು ದಿನದಲ್ಲಿ ನನಗೆ ಸಾಸಿವೆ ಕಾಳಿನಷ್ಟೂ ಬುದ್ಧಿ ಬಂದಿರಲಿಲ್ಲ. ಎಲ್ಲಿ ಎಡವಿದ್ದೆನೋ ಅಲ್ಲೇ ಎಡವಿದೆ, ಏನು ಹಂಗಿಸಿದ್ದೆನೋ ಅದನ್ನೇ ಹಂಗಿಸಿದೆ. ನನ್ನ ಬೈಗುಳ ಕೇಳುತ್ತಲೇ ಅವಳಿಗೆ ಉತ್ತರ ನೆನಪಾಗುತ್ತಿತ್ತು. ಈ ಸಲ ಹಿಟ್ಟಿನಲ್ಲೇ ಬರೆದಳು. ಬದಲಾದದ್ದನ್ನು ನೋಡದೆ ಸುಮ್ಮನೆ ಕೂತೆನಲ್ಲ, ಆ ಎರಡು ದಿನದಲ್ಲಿ ನಾನು ಪಟ್ಟ ದೊಡ್ಡ ಕಷ್ಟ ಅದೇ.

ಭಾನುವಾರ ದೀಪ ಹಚ್ಚುವ ಹೊತ್ತಿಗೆ ಒಂದು ಪಾಠ ಉಳಿಯಿತು. ಓದಿ ಓದಿ ನನ್ನ ದನಿ ಕೂತಿತ್ತು, ಅವಳ ಕಣ್ಣು ಕೆಂಪಾಗಿತ್ತು. “ಅದೊಂದು ಮೊದ್ಲು ಬರ್ದಂಗೇ ಇರ್ಲಿ ಬುಡು,” ಅಂದಳು.

ಮರುದಿನ ಬೆಳಿಗ್ಗೆ ಅವಳ ಹಿಂದೆಯೇ ಬಸ್ಸು ಹತ್ತಿದೆ. ಹೇಗೂ ಹೆಂಗಸರಿಗೆ ಟಿಕೇಟಿಲ್ಲ.

“ನೀ ಎಲ್ಲಿಗಜ್ಜಿ?”

“ಆ ಪಾಠ ಮುಗ್ಸಕ. ಓದು.”

ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಓದಿದಳು: “ಷರತ್ತು ಸತ್ಯವಾಗಿರುವವರೆಗೂ ಪುನರಾವರ್ತನೆಗೊಳ್ಳುತ್ತದೆ.”

“ಇದು ಯಾವೂರ ಮಾತು?”

“ಕೊಡ ತುಂಬಗಂಟ ನೀರು ಉಯ್ತಾ ಇರು ಅಂತ.”

“ಅಂಗೇ ಬರಿ.”

ಮುಂದಿನ ಸೀಟಿನಲ್ಲಿ ಸೊಪ್ಪಿನ ಮಂಕರಿ ಇಟ್ಟುಕೊಂಡಿದ್ದ ಹೆಂಗಸು ತಿರುಗಿ, “ಕೊಡ ತೂತಾಗಿದ್ರ?” ಅಂದಳು.

ಮೊಮ್ಮಗಳ ಕೈ ನಿಂತಿತು. “ಅದೇ ಕಣಕ್ಕ ಮುಂದ್ಲ ಸಾಲು. ಎಂಗ್ ಬರೆಯದು ಅಂತ ತಿಳೀದೇ ಒದ್ದಾಡ್ತಿದ್ದೆ,” ಅಂದು ಬರೆದಳು: ಕೊಡ ತೂತಾಗಿದ್ದರೆ ಈ ಕೆಲಸ ನಿಲ್ಲುವುದೇ ಇಲ್ಲ, ಮೊದಲು ಕೊಡ ನೋಡಿಕೊಳ್ಳಿ. ಸೊಪ್ಪಿನವಳು ತಲೆಯಾಡಿಸಿ ಮುಂದಕ್ಕೆ ತಿರುಗಿದಳು.

ಆಮೇಲೆ ಒತ್ತಿದಳು. ತೆರಕಣಾಂಬಿ ನಿಲ್ದಾಣದಲ್ಲಿ ಬಸ್ಸು ನಿಲ್ಲುವಾಗ ಪುಟಗಳು ಬಂದವು. ಒಂದೊಂದಾಗಿ ತೆರೆದು ನೋಡಿದಳು. ಎಲ್ಲ ಸರಿಯಾಗಿತ್ತು. ಫೋನಿನಿಂದ ಅಲ್ಲೇ ಮೇಡಂಗೆ ಕಳಿಸಿದಳು. ಆಗಿನ್ನೂ ಒಂಬತ್ತಾಗಿರಲಿಲ್ಲ.

“ಬಾ ಅಜ್ಜಿ, ಕಾಲೇಜ್ ನೋಡ್ಕಂಡು ಬರನ. ಮೇಡಂಗ ನಿನ್ನ ತೋರುಸ್ತೀನಿ.”

“ನನ್ ನೋಡಿ ಅವರೇನ್ ಮಾಡಾರು. ಮನೇಲಿ ಅವರೆಕಾಯಿ ಸುಲೀದೇ ಬಿದ್ದದ,” ಅಂದು ತೆರಕಣಾಂಬಿಯಲ್ಲೇ ಇಳಿದು, ಎದುರಿಗೆ ಬಂದ ಗುಂಡ್ಲುಪೇಟೆ ಬಸ್ಸು ಹತ್ತಿ ಮನೆಗೆ ಬಂದೆ.