ಉರಿಯೂತದ ಪಾಠ, ಹನ್ನೊಂದರ ಬುತ್ತಿ

ಕರಿದದ್ದು ತಿನ್ನಬೇಡಿ ಎಂದು ಮಕ್ಕಳಿಗೆ ಪಾಠ ಮಾಡಿದ ದಿನವೇ ಶಿವಮೊಗ್ಗದ ಬಸ್ ನಿಲ್ದಾಣದ ಬಳಿ ಎರಡು ಮೆಣಸಿನಕಾಯಿ ಬಜ್ಜಿ ತಿಂದು ಭದ್ರಾವತಿಯ ಮನೆಗೆ ಹೊರಡುವವಳು ನಾನು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಬೆಳಿಗ್ಗೆ ಎದ್ದರೆ ನೋವಿಗೆ ಹಿಮ್ಮಡಿಯನ್ನು ನೆಲಕ್ಕೆ ಊರಲಾಗುವುದಿಲ್ಲ. ಆದರೆ ನನ್ನ ಉಪದೇಶ ಎಂದೂ ಕುಂಟಿದ್ದಿಲ್ಲ.

ಕಳೆದ ವರ್ಷ ಬಿಎಸ್ಸಿಯವರಿಗೆ ಉರಿಯೂತದ ಪಾಠವಿತ್ತು. ಈ ಪದ ಕಟ್ಟಿದ ಪುಣ್ಯಾತ್ಮರಿಗೆ ಕೈಮುಗಿಯಬೇಕು. ಉರಿಯನ್ನೂ ಊತವನ್ನೂ ಸೇರಿಸಿ ಅರ್ಧ ಪಾಠವನ್ನು ಅವರೇ ಮುಗಿಸಿಟ್ಟಿದ್ದಾರೆ. ಗಾಯವಾದಲ್ಲಿ ಉರಿದು ಊದಿಕೊಳ್ಳುವುದು ದೇಹ ನಮ್ಮನ್ನು ಕಾಯುವ ರೀತಿ. ಗಾಯ ಮಾಯ್ದ ಮೇಲೆ ಅದು ತಣ್ಣಗಾಗಬೇಕು. ನಿದ್ದೆಗೆಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಕರಿದದ್ದನ್ನೇ ತಿಂದು, ಸಿಗರೇಟು ಸೇದಿ, ಕೂತಲ್ಲೇ ಕೂತು, ಸದಾ ಆತಂಕದಲ್ಲಿದ್ದರೆ ಗಾಯವಿಲ್ಲದೆಯೂ ದೇಹ ಒಳಗೊಳಗೇ ಕುದಿಯುತ್ತಿರಬಹುದು. ಇಷ್ಟು ಹೇಳಿ ನಾನು ಸುಮ್ಮನಾಗಬೇಕಿತ್ತು. "ನಿಮಗೆ ಶಿಸ್ತೇ ಇಲ್ಲ" ಎಂದೂ ಸೇರಿಸಿದೆ.

ಮೂರನೇ ಬೆಂಚಿನಿಂದ ಸವಿತಾ ಎದ್ದಳು. ಹೊಳೆಹೊನ್ನೂರಿನ ಪಕ್ಕದ ಹಳ್ಳಿಯವಳು, ಕೂಲಿ ಮಾಡುವವರ ಮಗಳು. ಒಂದೆರಡು ತಿಂಗಳಿನಿಂದ ಬೆರಳ ಗಂಟುಗಳು ಊದಿ, ಪೆನ್ನು ಹಿಡಿಯಲು ಒದ್ದಾಡುತ್ತಿದ್ದಳು.

"ಮೇಡಂ, ನಾನು ಐದಕ್ಕೆ ಏಳ್ತೀನಿ. ಎಂಟರಿಂದ ಎರಡರವರೆಗೆ ಕ್ಲಾಸು, ಮಧ್ಯೆ ಹತ್ತೇ ನಿಮಿಷ ಬಿಡುವು. ಮೂರು ಮಹಡಿ ಇಳಿದು ಕೈ ತೊಳೆಯೋ ಹೊತ್ತಿಗೆ ಬೆಲ್ಲು. ಬುತ್ತಿ ಬ್ಯಾಗಲ್ಲೇ ಹಳಸುತ್ತೆ. ನಿಂತ್ಕೊಂಡೇ ಪಫ್ಸ್ ತಿಂತೀವಿ. ಇದು ನಮ್ಮ ಅಭ್ಯಾಸನಾ, ನಿಮ್ಮ ಟೈಮ್ ಟೇಬಲ್ಲಾ?"

"ಕೂತ್ಕೊಳಮ್ಮ" ಎಂದೆ ಸಿಟ್ಟಿನಿಂದ.

"ಉತ್ತರ ಹೇಳಿ ಮೇಡಂ, ಕೂರ್ತೀನಿ."

ಉತ್ತರ ನನ್ನ ಬಳಿ ಇತ್ತು, ಹೇಳುವ ಧೈರ್ಯವಿರಲಿಲ್ಲ. ಆ ಟೈಮ್ ಟೇಬಲ್ ಮಾಡಿದವರಲ್ಲಿ ನಾನೂ ಒಬ್ಬಳು. ಬೇಗ ಮುಗಿದರೆ ಎರಡೂವರೆಯ ಬಸ್ಸು ಸಿಗುತ್ತದೆಂದು ಊಟದ ಬಿಡುವಿಗೆ ಕತ್ತರಿ ಹಾಕಿಸಿದ್ದೇ ನಾನು.

ಮರುದಿನ ಅವಳನ್ನು ಪರಿಚಯದ ವೈದ್ಯರ ಬಳಿ ಕರೆದೊಯ್ದೆ. ರಕ್ತಪರೀಕ್ಷೆ ಮಾಡಿಸಿದ ಅವರು, "ಇದು ಸಂಧಿವಾತದ ಶುರು. ಬರೀ ಪಫ್ಸ್ ಮೇಲೆ ತಪ್ಪು ಹೊರಿಸಿ ಕೂತಿದ್ರೆ ಬೆರಳು ಸೊಟ್ಟಗಾಗ್ತಿತ್ತು. ಮಾತ್ರೆ ಬೇಕೇ ಬೇಕು. ಹೊತ್ತಿಗೆ ಸರಿಯಾಗಿ ಊಟ, ನಿದ್ದೆನೂ ಬೇಕು" ಎಂದರು.

ಪ್ರಿನ್ಸಿಪಾಲರ ಬಳಿ ಹೋಗಿ, ಸವಿತಾಳ ವಿಷಯ ಹೇಳಿ, ಊಟಕ್ಕೆ ಅರ್ಧ ಗಂಟೆ ಬಿಡುವು ಕೇಳಿದೆ. "ಒಬ್ಬಳಿಗೋಸ್ಕರ ಕಾಲೇಜನ್ನೇ ಬದಲಾಯಿಸೋಕಾಗುತ್ತಾ?" ಎಂದರು.

ವಾರಕ್ಕೆ ನಾಲ್ಕು ದಿನ ಹನ್ನೊಂದರ ಕ್ಲಾಸು ನನ್ನದು. ಮರುದಿನ ಒಳಗೆ ಹೋದವಳೇ, "ಪುಸ್ತಕ ಬೇಡ, ಡಬ್ಬಿ ತೆಗೀರಿ" ಎಂದೆ. ಮೊದಲು ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಚಿತ್ರಾನ್ನ, ಅಕ್ಕಿರೊಟ್ಟಿ, ಮೊಸರನ್ನ ಎಲ್ಲ ಬೆಂಚಿನ ಮೇಲೆ ಬಂದವು. ನಾಲ್ಕನೇ ದಿನ, ತರಗತಿಯಲ್ಲಿ ತಿನ್ನಕೂಡದೆಂಬ ನೋಟಿಸು ಬಂತು. ಓದಿದೆನೆಂದು ಸಹಿ ಹಾಕಿ ಊಟ ಮುಂದುವರಿಸಿದೆ. ಮುಂದಿನ ವಾರ ಪ್ರಿನ್ಸಿಪಾಲರೇ ಬಾಗಿಲಲ್ಲಿ ನಿಂತರು.

"ಏನ್ರೀ ಇದು ಮೇಡಂ?"

"ಉರಿಯೂತದ ಪಾಠ ಸರ್. ಪ್ರಾಕ್ಟಿಕಲ್ಲು."

ಮಕ್ಕಳು ಡಬ್ಬಿ ಮುಚ್ಚಲು ಹೊರಟರು. ಸವಿತಾ ಮುಚ್ಚಲಿಲ್ಲ. ಊದಿದ ಬೆರಳಿನಿಂದಲೇ ರೊಟ್ಟಿ ಮುರಿಯುತ್ತಾ, "ಹಸಿವಾಗಿದೆ ಸರ್, ತಿಂದು ಮುಗಿಸ್ತೀವಿ" ಎಂದಳು. ಅವರು ಆ ಕೈಯನ್ನು ನೋಡಿ, ಬಾಗಿಲು ಎಳೆದುಕೊಂಡು ಹೊರಟುಹೋದರು. ಮುಂದಿನ ಸೆಮಿಸ್ಟರಿನ ಟೈಮ್ ಟೇಬಲ್‌ನಲ್ಲಿ ಹನ್ನೊಂದಕ್ಕೆ ಅರ್ಧ ಗಂಟೆ ಬಿಡುವಿತ್ತು. ನನ್ನ ಎರಡೂವರೆಯ ಬಸ್ಸು ತಪ್ಪಿತು, ತಪ್ಪಲಿ.

ಸವಿತಾಳ ಬೆರಳು ಪೂರ್ತಿ ವಾಸಿಯಾಗಿಲ್ಲ. ಚಳಿಯ ಬೆಳಿಗ್ಗೆ ಈಗಲೂ ಮಡಚಲಾಗದು. ಆದರೆ ಬರೆಯುತ್ತಾಳೆ. ಮೊನ್ನೆ ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು, "ನಿಮ್ಮ ಹುಡುಗಿಗೆ ಬಾಯಿ ಜಾಸ್ತಿ ಕಣ್ರೀ, ಕ್ಲಾಸಲ್ಲಿ ಎದ್ದೆದ್ದು ಪ್ರಶ್ನೆ ಕೇಳ್ತಾಳೆ" ಎಂದು ದೂರಿದರು.

"ಹೊಟ್ಟೆ ತುಂಬಿದೆಯಲ್ಲ ಸರ್, ಇನ್ನು ಜೋರಾಗೇ ಕೇಳ್ತಾಳೆ" ಎಂದೆ.